ರೀಫ್ಯಾಕ್ಟರಿಂಗ್ ಮುಂತಾದ ಪದಗಳ ಅರ್ಥವಿವರಣೆ

ಕಂಪ್ಯೂಟರಿಗೆಂದು ಬರೆಯುವ ಆಜ್ಞೆಗಳ ಸಮೂಹಕ್ಕೆ ಕೋಡ್ ಎಂದು ಹೆಸರು. ಒಮ್ಮೆ ಬರೆದ ಕೋಡನ್ನು ಕಾಲಕಾಲಕ್ಕೆ ತಿದ್ದಬೇಕಾಗುವುದು. ಆ ತಿದ್ದುಗೆಗೆ ಹಲವು ಹೆಸರುಗಳುಂಟು. ಅವೆಲ್ಲವೂ ಒಂದೇ ಎಂದು ಎಣಿಸುವುದು ಸರಿಯಲ್ಲವೆಂಬುದನ್ನು ಇಲ್ಲಿ ವಿವರಿಸುವೆವು.

ಮೊದಲನೆಯದು ಫ್ಯಾಕ್ಟರಿಂಗ್. ಬೀಜಗಣಿತದ ಅಪವರ್ತನವು ನಮ್ಮ ವಾಚಕಿಯರಿಗೆ ನೆನಪಿರಬಹುದು. 3×5+3×7 ಎಂಬುದನ್ನು 3×(5+7) ಎಂದು ಬರೆದರೆ ಸಾಮಾನ್ಯವಾದ 3 ಒಂದೇ ಕಡೆ ನಿಲ್ಲುವುದು. ಬೆಲೆ ಮಾತ್ರ 36 ಆಗಿಯೇ ಇರುವುದು. ಕೋಡಿನಲ್ಲಿಯೂ ಹಾಗೆಯೇ, ಪದೇ ಪದೇ ಬರುವ ಭಾಗವನ್ನು ಒಂದೆಡೆ ಬೇರ್ಪಡಿಸಿಡುವುದು ಫ್ಯಾಕ್ಟರಿಂಗ್.

ಬರೆದು ಮುಗಿದ ಕೋಡಿನ ಹೊರಗಿನ ನಡತೆಯನ್ನು ಕೆಡಿಸದೆ, ಒಳರಚನೆಯನ್ನು ಸಣ್ಣ ಸಣ್ಣ ಹೆಜ್ಜೆಗಳಿಂದ ಸರಿಪಡಿಸುವುದೇ ರೀಫ್ಯಾಕ್ಟರಿಂಗ್. ವಿಲಿಯಂ ಆಪ್‌ಡೈಕರು ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯಕ್ಕೆ 1992ರಲ್ಲಿ ಸಲ್ಲಿಸಿದ ಪ್ರಬಂಧದ ವಿಷಯವು ಇದೇ. ಮಾರ್ಟಿನ್ ಫೌಲರರ 1999ರ ಗ್ರಂಥದಿಂದ ಈ ಪದವು ಎಲ್ಲೆಡೆಯೂ ರೂಢಿಗೆ ಬಂದಿತು. ರೀಸ್ಟ್ರಕ್ಚರಿಂಗ್ ಎಂಬುದು ಇದಕ್ಕಿಂತ ವ್ಯಾಪಕವಾದ, ಹಳೆಯ ಪದ. ಹೊಸ ಅಗತ್ಯಗಳಿಗೆ ತಕ್ಕಂತೆ ವ್ಯವಸ್ಥೆಯನ್ನೇ ಪರಿಶೋಧಿಸಿ ಮಾರ್ಪಡಿಸಿದರೆ ಅದು ರೀಎಂಜಿನಿಯರಿಂಗ್.

ಹಳೆಯದನ್ನು ಬಿಟ್ಟು ಮೊದಲಿನಿಂದ ಬರೆಯುವುದು ರೀರೈಟ್. ಇದರಲ್ಲಿ ಅಪಾಯವು ಹೆಚ್ಚು. ನೆಟ್‌ಸ್ಕೇಪ್ ಸಂಸ್ಥೆಯು 1998ರಲ್ಲಿ ತನ್ನ ಬ್ರೌಸರನ್ನು ಹೊಸದಾಗಿ ಬರೆಯತೊಡಗಿತು. 5ನೆಯ ಆವೃತ್ತಿಯು ಹೊರಬರಲೇ ಇಲ್ಲ. 6ನೆಯದು ಹೊರಬಿದ್ದುದು 2000ದ ನವೆಂಬರಿನಲ್ಲಿ. ಅಷ್ಟರಲ್ಲಿ ಬಳಕೆದಾರರಲ್ಲಿ ಬಹುಮಂದಿ ಮೈಕ್ರೋಸಾಫ್ಟಿನ ಬ್ರೌಸರನ್ನು ಹಿಡಿದಿದ್ದರು.

ಪದಭೇದದಿಂದ ಆಗುವುದೇನೆಂದು ಕೆಲವರು ಕೇಳಬಹುದು. ಒಂದು ಉದಾಹರಣೆಯನ್ನು ನೋಡುವ. ಶಾಲೆಯ ಅಂಕಪಟ್ಟಿಯನ್ನು ಸಿದ್ಧಪಡಿಸುವ ಕೋಡಿನಲ್ಲಿ ತೇರ್ಗಡೆಯ ಲೆಕ್ಕವು ಪ್ರತಿಯೊಂದು ತರಗತಿಗೂ ಬೇರೆ ಬೇರೆಯಾಗಿ ಬರೆದಿದೆ ಎಂದಿಟ್ಟುಕೊಳ್ಳೋಣ. ಅದನ್ನು ಒಂದೆಡೆ ಸೇರಿಸಿದರೆ ರೀಫ್ಯಾಕ್ಟರಿಂಗ್ ಆಯಿತು. ಹಿಂದಿನ ಪಟ್ಟಿಗೂ ಈಗಿನದಕ್ಕೂ ಒಂದಂಕದ ವ್ಯತ್ಯಾಸವೂ ಇರಕೂಡದು. ಆ ನೆಪದಲ್ಲಿಯೇ ತೇರ್ಗಡೆಯ ಮಿತಿಯನ್ನು 35ರಿಂದ 40ಕ್ಕೆ ಏರಿಸಿದರೆ ಅದು ರೀಫ್ಯಾಕ್ಟರಿಂಗ್ ಅಲ್ಲ. ಆ ಮಾತನ್ನು ನಂಬಿದ ಪರೀಕ್ಷಕರು ಅಂಥ ಬದಲಾವಣೆಯನ್ನು ಹುಡುಕಲಾರರು. 37 ಅಂಕ ಪಡೆದ ಬಾಲಕಿಯೋ ಅನುತ್ತೀರ್ಣಳಾಗುವಳು! ತಪ್ಪನ್ನು ತಿದ್ದಿದರೂ, ಹೊಸ ಸೌಕರ್ಯವನ್ನು ಕೂಡಿಸಿದರೂ ಅವುಗಳನ್ನು ಬೇರೆ ಹೆಸರಿನಿಂದಲೇ ತಿಳಿಸತಕ್ಕದ್ದು.

ಆದುದರಿಂದ ಈ ಉದ್ಯೋಗದಲ್ಲಿರುವ ನಮ್ಮ ಸೋದರಿಯರೂ, ಅದಕ್ಕೆ ಸಿದ್ಧರಾಗುತ್ತಿರುವ ಹೆಣ್ಣುಮಕ್ಕಳೂ ರೀಫ್ಯಾಕ್ಟರಿಂಗ್ ಎನ್ನುವುದಕ್ಕೆ ಮುಂಚೆ, ಹೊರಗಿನ ನಡತೆಯು ಕಿಂಚಿತ್ತೂ ಬದಲಾಗಿಲ್ಲವೆಂದು ಪರೀಕ್ಷೆಗಳಿಂದ ಖಚಿತಪಡಿಸಿಕೊಳ್ಳಲಿ. ಆ ಪದವು ಇತರರಿಗೆ ಕೊಟ್ಟ ವಚನವೇ ಸರಿ.