ಹಸಿರು ಸಂಪಿಗೆ ಹಳದಿಯಾಗುವ ಹೊತ್ತು

ಸಾಗರದ ಕಡೆಯ ನಮ್ಮ ಮನೆಯಲ್ಲಿ, ಬಾವಿಕಟ್ಟೆಯ ಹಿಂದೆ ಹಸಿರು ಸಂಪಿಗೆ ಬಿಟ್ಟಿದೆಯೆಂದು ಹೇಳುವುದು ಯಾವಾಗಲೂ ಮೂಗೇ. ಸಂಜೆ ನೀರು ಸೇದುವಾಗ ಹಲಸು, ಬಾಳೆ, ಅನಾನಸು ಒಟ್ಟಿಗೇ ಹಣ್ಣಾದಂಥ ಪರಿಮಳ ಬಂದು ಪಕ್ಕದಲ್ಲಿ ನಿಲ್ಲುತ್ತದೆ. ತಲೆಯೆತ್ತಿ ಹುಡುಕಿದರೆ ಎಲೆಯ ಮೇಲೆ ಎಲೆ, ಎಣ್ಣೆ ಸವರಿದಂತೆ ಮಿರುಗುವ ಕಡುಹಸಿರು. ಹೂ ಕಾಣುವುದಿಲ್ಲ. ಈ ಸಲ ಹಟ ಹಿಡಿದು, ಆರಿದ್ರಾ ಮಳೆ ಶುರುವಾದ ದಿನ ಒಂದು ಮೊಗ್ಗಿನ ರೆಂಬೆಗೆ ಬಿಳಿ ನೂಲು ಕಟ್ಟಿದೆ.

ಮೊದಲು ಕಣ್ಣಿಗೆ ಬಿದ್ದದ್ದು ಕೊಕ್ಕೆ. ಈ ಬಳ್ಳಿಯ ಹೂ ಬರುವುದು ದೋಟಿಯ ತುದಿಯ ಹಾಗೆ ಹಿಂದಕ್ಕೆ ಬಾಗಿದ ಚಪ್ಪಟೆ ಕೊಕ್ಕೆಯಲ್ಲಿ. ಆ ಬಾಗಿನಿಂದ ಮೊಗ್ಗು ಕೆಳಮುಖವಾಗಿ ತೂಗುತ್ತದೆ. ಪಕ್ಕದ ಪೇರಲೆಯ ಕೊಂಬೆ ಸಿಕ್ಕಿದ ಕೊಕ್ಕೆಗಳು ಅದನ್ನು ತಬ್ಬಿ, ದಪ್ಪಗಾಗಿ, ಕಟ್ಟಿಗೆಯಷ್ಟು ಗಟ್ಟಿಯಾಗಿದ್ದವು. ಏನೂ ಸಿಗದವು ಎಳೆಯವಾಗಿಯೇ ಗಾಳಿಯಲ್ಲಿ ತೊನೆಯುತ್ತಿದ್ದವು. ಮರ ಹತ್ತುವ ಕೈಯೂ ಅದೇ, ಹೂ ಹಿಡಿಯುವ ಕೈಯೂ ಅದೇ.

ಮೂರನೆಯ ದಿನ ಎಸಳು ಬಿಚ್ಚಿದವು, ಹೊರಗೆ ಮೂರು, ಒಳಗೆ ಮೂರು. ಮುಟ್ಟಿದರೆ ತೊಗಲಿನಂತೆ ದಪ್ಪ. ಬಣ್ಣ ಗಿಳಿಯ ರೆಕ್ಕೆಯದು. ಮೂಗಿಗೆ ಹಿಡಿದೆ. ಎಲೆ ಹಿಸುಕಿದಾಗಿನ ಹಸಿ ವಾಸನೆ, ಅಷ್ಟೇ. ಆರನೆಯ ದಿನ ಬುಡದಲ್ಲಿ ಹಸಿರು ತೆಳುವಾಯಿತು. ಎಂಟನೆಯ ದಿನ ಇಡೀ ಹೂ ಬಲಿತ ನಿಂಬೆಕಾಯಿಯ ಬಣ್ಣ. ಎಸಳು ಇನ್ನೂ ಉದ್ದವಾಗಿ ತುದಿ ಹೊರಕ್ಕೆ ಬಾಗಿತ್ತು. ಒಂಬತ್ತನೆಯ ದಿನ ಮಳೆ ಬಿಟ್ಟ ಸಂಜೆ ಅದು ಮಾಗಿದ ನಿಂಬೆಹಳದಿ. ಬಾವಿಯತ್ತ ಹತ್ತು ಹೆಜ್ಜೆ ಇರುವಾಗಲೇ ಪರಿಮಳ ಎದುರಾಯಿತು. ನಾವು ಇದಕ್ಕೆ ಹೆಸರಿಟ್ಟದ್ದು, ಗಂಧವೇ ಇಲ್ಲದ ದಿನಗಳ ಬಣ್ಣ ನೋಡಿ.

ಭೂತಗನ್ನಡಿ ಹಿಡಿದು ಕೂತೆ. ಒಳಗಿನ ಮೂರು ಎಸಳುಗಳ ಬುಡ ಒಂದಕ್ಕೊಂದು ಒತ್ತಿಕೊಂಡು ಸಣ್ಣದೊಂದು ಗೂಡಾಗಿದೆ. ಕೇಸರ, ಶಲಾಕೆಗಳೆಲ್ಲ ಅದರೊಳಗೆ. ಎಳ್ಳಿಗಿಂತ ಚಿಕ್ಕ ಕಂದು ಜೀರುಂಡೆಯೊಂದು ಎಸಳಿನ ಅಂಚಿಗೆ ಇಳಿಯಿತು. ಎರಡು ಸುತ್ತು ನಡೆಯಿತು, ನಿಂತಿತು, ಮೀಸೆ ಅಲ್ಲಾಡಿಸಿತು. ಮತ್ತೆ ಅರ್ಧ ಸುತ್ತು ನಡೆದು ಸಂದಿಯಲ್ಲಿ ತೂರಿ ಮರೆಯಾಯಿತು. ಹಣ್ಣಿಗೂ ಈ ಹೂವಿಗೂ ವಾಸನೆ ಕೊಡುವುದು ಎಸ್ಟರ್‌ ಎಂಬ ಒಂದೇ ಬಗೆಯ ರಾಸಾಯನಿಕಗಳು. ಮಾಗಿದ ಹಣ್ಣು ಹುಡುಕುವ ಹುಳಕ್ಕೆ ಹೂ ಅದರದೇ ಭಾಷೆಯಲ್ಲಿ ಕರೆ ಕಳಿಸುತ್ತದೆ.

ನೆಂಟಸ್ತಿಕೆಯೂ ಹಣ್ಣಿನದೇ. 1782ರಲ್ಲಿ ಸಸ್ಯಶಾಸ್ತ್ರಜ್ಞ ಲಿನೀಯಸನ ಮಗ ಇದನ್ನು ಸೀತಾಫಲದ ಜೊತೆ ಸೇರಿಸಿ ಹೆಸರಿಟ್ಟಿದ್ದ. 1820ರಲ್ಲಿ ಇನ್ನೊಬ್ಬ ಸಸ್ಯಶಾಸ್ತ್ರಜ್ಞ ರಾಬರ್ಟ್ ಬ್ರೌನ್ ಇದಕ್ಕೆ ಬೇರೆ ಮನೆ ಮಾಡಿಕೊಟ್ಟು ಆರ್ಟಾಬೋಟ್ರಿಸ್ ಎಂದು ಕರೆದ, ತೂಗುವ ದ್ರಾಕ್ಷಿಗೊಂಚಲು ಎಂಬರ್ಥದ ಗ್ರೀಕ್ ಪದಗಳಿಂದ. 1921ರಲ್ಲಿ ಪ್ಯಾರಿಸಿನಲ್ಲಿ ಬಂದ ಶನೆಲ್ ನಂಬರ್ 5 ಸುಗಂಧದಲ್ಲಿ ಸೇರಿದ ಇಲಾಂಗ್ ಇಲಾಂಗ್ ಹೂವೂ ಸೀತಾಫಲದ ಈ ಕುಟುಂಬದ್ದೇ. ಆ ದಾಯಾದಿ ಗಾಜಿನ ಸೀಸೆ ಸೇರಿತು. ಇದು ಕಾಸು ಕೇಳದೆ ಬಾವಿಕಟ್ಟೆಯ ಹಿಂದೆಯೇ ಉಳಿಯಿತು.

ಇದಕ್ಕೆ ಮನೋರಂಜಿನಿ ಎಂದೂ ಹೆಸರು. ನೆನೆದ ಹಣ್ಣಿನ ವಾಸನೆಯೇ ಬರುತ್ತದೆಂದು ಹೇಳುತ್ತಾರೆ. ಕಣ್ಣು ಮುಚ್ಚಿ ಮಾವನ್ನು ನೆನೆದೆ, ಬಂದದ್ದು ಹಲಸು. ಇನ್ನಷ್ಟು ಹೊತ್ತು ಕೂತೆ. ಹಲಸು ಹಿಂದೆ ಸರಿದು ಬಾಳೆ ಬಂತು, ಅದರ ಕೆಳಗೆ ಕೊಯ್ದ ಹುಲ್ಲಿನಂಥ ತಣ್ಣನೆಯ ಹಸಿರು. ಮಾವು ಮಾತ್ರ ಕೊನೆಗೂ ಬರಲಿಲ್ಲ.

ಹನ್ನೆರಡನೆಯ ಬೆಳಗ್ಗೆ ಎಸಳು ಉದುರಿದ್ದವು. ಅಜ್ಜಿ ಪೆಟ್ಟಿಗೆಯಲ್ಲಿ ಸೀರೆಗಳ ನಡುವೆ ಇಡುತ್ತಿದ್ದಂತೆ ಹೆಕ್ಕಿ ಪಂಚೆಯ ಮಡಿಕೆಯಲ್ಲಿಟ್ಟೆ. ನಾಲ್ಕು ದಿನ ಬಿಟ್ಟು ತೆಗೆದಾಗ ಎಸಳು ಮುದುರಿ ಹುಣಸೆಸಿಪ್ಪೆಯಂತಾಗಿದ್ದವು. ಪಂಚೆ ಇನ್ನೂ ಘಮಘಮ.

ನೂಲು ಕಟ್ಟಿದ ರೆಂಬೆಗೆ ಮತ್ತೆ ಹೋದೆ. ಕೊಕ್ಕೆಯ ಬಾಗಿನಲ್ಲಿ ಜೋಳದ ಕಾಳಿಗಿಂತ ಚಿಕ್ಕ ಹಸಿರು ಮಿಡಿಗಳು ಒತ್ತೊತ್ತಾಗಿ ಕೂತಿದ್ದವು. ಎಣಿಸಿದೆ. ಏಳು.