ಟಪಾಲಿನವರು ಗೆದ್ದ ಚಿನ್ನ

ಆಟಗಳಲ್ಲಿ ಗೆದ್ದವರ ಹೆಸರನ್ನು ನಾವು ಓದುತ್ತೇವೆ. ಅವರ ಹೊಟ್ಟೆಪಾಡು ಏನೆಂದು ಕೇಳುವುದು ಕಡಿಮೆ. ಜರ್ಮನಿಯ ಗೆಯೋರ್ಗ್ ಥೋಮಾ ಅವರ ಹೆಸರಿನೊಡನೆ ಮಾತ್ರ ಅವರ ಉದ್ಯೋಗವೂ ಅಂಟಿಕೊಂಡೇ ಬಂದಿದೆ. ಅವರು ಊರಿನ ಟಪಾಲು ಹಂಚುವವರಾಗಿದ್ದರು.

ಅವರ ಆಟಕ್ಕೆ ನಾರ್ಡಿಕ್ ಕಂಬೈಂಡ್ ಎಂದು ಹೆಸರು. ಸ್ಕೀ ಎಂಬ ಉದ್ದನೆಯ ಪಟ್ಟಿಗಳನ್ನು ಕಾಲಿಗೆ ಬಿಗಿದುಕೊಂಡು ಹಿಮದ ಮೇಲೆ ಆಡುವ ಈ ಆಟದಲ್ಲಿ ಎರಡು ಪರೀಕ್ಷೆಗಳುಂಟು. ಮೊದಲನೆಯದು ನೆಗೆತ. ಎತ್ತರದ ಇಳಿಜಾರಿನಲ್ಲಿ ಜಾರಿ ಬಂದು, ಅದರ ಅಂಚಿನಿಂದ ಗಾಳಿಗೆ ಚಿಮ್ಮಿ, ದೂರ ಹೋಗಿ ಹದವಾಗಿ ಇಳಿಯಬೇಕು. ದೂರಕ್ಕೂ ಅಂಕ, ಅಂದಕ್ಕೂ ಅಂಕ. ಎರಡನೆಯದು ಓಟ. ಏರುತಗ್ಗಿನ ದಾರಿಯಲ್ಲಿ ಹಲವು ಕಿಲೋಮೀಟರು ಸಾಗಬೇಕು. ನೆಗೆಯುವವನಿಗೆ ಹಗುರವಾದ ಮೈಯೂ ಕ್ಷಣದ ಧೈರ್ಯವೂ ಬೇಕು. ಓಡುವವನಿಗೆ ದಮ್ಮೂ ತಾಳ್ಮೆಯೂ ಬೇಕು. ಒಂದಕ್ಕೆ ಒತ್ತುಕೊಟ್ಟರೆ ಇನ್ನೊಂದು ಸೊರಗುವ ಭಯ. ಎರಡನ್ನೂ ಸರಿತೂಗಿಸುವುದೇ ಇಲ್ಲಿಯ ವಿದ್ಯೆ.

ಈ ವಿದ್ಯೆ ಬಹುಕಾಲ ಉತ್ತರ ಯೂರೋಪಿನವರ ಮನೆತನದ ಸೊತ್ತಿನಂತಿತ್ತು. 1924ರಿಂದ 1956ರವರೆಗೆ ನಡೆದ ಏಳು ಚಳಿಗಾಲದ ಒಲಿಂಪಿಕ್ಸ್‌ಗಳಲ್ಲಿ ಇದರ ಚಿನ್ನ ಆರು ಸಲ ನಾರ್ವೆಗೆ, ಒಂದು ಸಲ ಫಿನ್ಲೆಂಡಿಗೆ ಹೋಯಿತು. ಹೊರಗಿನವರಿಗೆ ಒಮ್ಮೆಯೂ ದಕ್ಕಲಿಲ್ಲ.

ಥೋಮಾ ಹುಟ್ಟಿದ್ದು 1937ರಲ್ಲಿ, ಬ್ಲ್ಯಾಕ್ ಫಾರೆಸ್ಟ್ ಗುಡ್ಡಗಾಡಿನ ಹಿಂಟರ್‌ಜಾರ್ಟನ್ ಎಂಬ ಹಳ್ಳಿಯಲ್ಲಿ. ಎಳವೆಯಲ್ಲಿ ದನ ಕಾಯ್ದರು. ಮುಂದೆ ಅಂಚೆಯ ನೌಕರಿ ಹಿಡಿದರು. ಆಗಿನ ಒಲಿಂಪಿಕ್ ನಿಯಮದಂತೆ ಆಟದಿಂದ ಹಣ ಗಳಿಸುವಂತಿರಲಿಲ್ಲ. ಆದ್ದರಿಂದ ನೌಕರಿ ಬಿಡುವ ಮಾತಿರಲಿಲ್ಲ. ಚಳಿಗಾಲದಲ್ಲಿ ಸ್ಕೀ ಮೇಲೆಯೇ ಕಾಗದಗಳನ್ನು ಮುಟ್ಟಿಸುತ್ತಿದ್ದ ಅವರಿಗೆ ದಿನದ ಕೆಲಸವೇ ಸಾಧನೆಯೂ ಆಯಿತು.

1960ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಕ್ವಾ ವ್ಯಾಲಿಯಲ್ಲಿ ಒಲಿಂಪಿಕ್ಸ್ ನಡೆಯಿತು. ಥೋಮಾ ಅವರಿಗೆ ಆಗ 22 ವರ್ಷ. ನೆಗೆತದಲ್ಲಿ ಎಲ್ಲರಿಗಿಂತ ಮುಂದಾದರು. 15 ಕಿಲೋಮೀಟರಿನ ಓಟದಲ್ಲಿ ಆ ಮುನ್ನಡೆಯನ್ನು ಕಳೆದುಕೊಳ್ಳಲಿಲ್ಲ. ಲೆಕ್ಕ ಬರೆಯುವ ನಮ್ಮಂಥವರಿಗೆ ಇಲ್ಲೊಂದು ಸ್ವಾರಸ್ಯವುಂಟು. ಓಟದ ನಿಮಿಷಗಳನ್ನು ಅಂಕಗಳಾಗಿ ಪರಿವರ್ತಿಸಿ ನೆಗೆತದ ಅಂಕಗಳಿಗೆ ಕೂಡಿಸುವುದು ಆಗಿನ ಪದ್ಧತಿ. ಮೊತ್ತ ಹಾಕಿದಾಗ ಥೋಮಾ ಅವರಿಗೆ 457.952, ನಾರ್ವೆಯ ಟೋರ್ಮೋಡ್ ಕ್ನುಟ್ಸನ್ ಅವರಿಗೆ 453. ಚಿನ್ನ ಮೊದಲ ಬಾರಿಗೆ ಉತ್ತರದ ಗಡಿ ದಾಟಿತು. ಈಗಿನ ಪದ್ಧತಿಯೇ ಬೇರೆ: ನೆಗೆತದಲ್ಲಿ ಮುಂದಿದ್ದವರು ಓಟವನ್ನು ಅಷ್ಟು ಸೆಕೆಂಡು ಮೊದಲೇ ಆರಂಭಿಸುತ್ತಾರೆ; ಗೆರೆ ಮೊದಲು ಮುಟ್ಟಿದವರೇ ಗೆದ್ದವರು.

1964ರಲ್ಲಿ ಇನ್ಸ್‌ಬ್ರುಕ್‌ನಲ್ಲಿ ಅದೇ ಕ್ನುಟ್ಸನ್ ಚಿನ್ನ ಪಡೆದರು. ಥೋಮಾ ಅವರಿಗೆ ಕಂಚು. ಆದರೆ ನಾರ್ವೆಯವರ ಹೆಮ್ಮೆಯ ಹೊಲ್ಮೆನ್‌ಕೊಲೆನ್ ಪಂದ್ಯವನ್ನು 1963ರಿಂದ 1965ರವರೆಗೆ ಸತತ ಮೂರು ವರ್ಷ ಗೆದ್ದು, 1966ರಲ್ಲಿ ಅವರ ರಾಜಧಾನಿ ಓಸ್ಲೋದಲ್ಲಿಯೇ ಥೋಮಾ ವಿಶ್ವವಿಜೇತರಾದರು.

ಹಗಲು ದುಡಿದು ಇರುಳು ಪುಸ್ತಕ ಹಿಡಿಯುವ ವಾಚಕರಿಗೆ ಎರಡು ನೊಗದ ಭಾರ ಗೊತ್ತು. ಎರಡನ್ನೂ ಇಳಿಸದೆ ಹೊತ್ತವರೊಬ್ಬರ ಹೆಸರು ನಮ್ಮ ನೆನಪಿನಲ್ಲಿರಲಿ ಎಂದು ಇಷ್ಟು ಬರೆದಿದ್ದೇವೆ.