ಅಚ್ಚಿನ ಗಿಳಿ

ಸಂಕ್ರಾಂತಿಯ ಮುನ್ನಾ ದಿನಗಳಲ್ಲಿ ನಮ್ಮ ಮನೆಯಲ್ಲಿ ಸಕ್ಕರೆ ಅಚ್ಚು ಎರೆಯುತ್ತಿದ್ದರು. ಹಿಂದಿನ ರಾತ್ರಿಯೇ ಮರದ ಅಚ್ಚುಗಳನ್ನು ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಅವುಗಳ ಹೋಳುಗಳನ್ನು ಕೂಡಿಸಿ ದಾರ ಬಿಗಿದು, ಹಾಲು ಬೆರೆಸಿ ಕೊಳೆ ತೆಗೆದ ಪಾಕವನ್ನು ಹದ ನೋಡಿ ತಾಯಿ ಅವುಗಳಲ್ಲಿ ಹುಯ್ಯುವರು. ಆನೆ, ಗೋಪುರ, ತುಲಸಿಕಟ್ಟೆ, ಗಿಳಿ ಒಂದೊಂದಾಗಿ ಹೊರಬರುವುವು. ಗಿಳಿಯ ಅಚ್ಚಿನಲ್ಲಿ ಮಾತ್ರ ಎಂದೋ ಒಂದು ಚಕ್ಕೆ ಎದ್ದುಹೋಗಿತ್ತು. ಆದಕಾರಣ ಅದರಿಂದ ಹುಟ್ಟಿದ ಗಿಳಿಗಳಿಗೆಲ್ಲ ಕೊಕ್ಕಿನ ಮೇಲೊಂದು ಗಂಟು. ಹತ್ತು ಎರೆದರೆ ಹತ್ತಕ್ಕೂ ಗಂಟು. ನೂರು ಎರೆದರೆ ನೂರಕ್ಕೂ ಗಂಟು. ನಾವು ಮಕ್ಕಳು ಅದನ್ನು ನೋಡಿ ನಗುತ್ತಿದ್ದೆವು. ಅಚ್ಚು ಎಂಬುದು ಚೆಲುವನ್ನು ಎಷ್ಟು ನಿಷ್ಠೆಯಿಂದ ಪ್ರತಿಮಾಡುತ್ತದೆಯೋ ಕುಂದನ್ನೂ ಅಷ್ಟೇ ನಿಷ್ಠೆಯಿಂದ ಪ್ರತಿಮಾಡುತ್ತದೆ ಎಂಬ ಪಾಠ ಅದರಲ್ಲಿದ್ದಿತು. ಅದು ನನ್ನ ತಲೆಗೆ ಹತ್ತಿದ್ದು ಬಹಳ ತಡವಾಗಿ.

ಇಂದು ನಾನು ಬೆಂಗಳೂರಿನಲ್ಲಿ ತರುಣರಿಗೆ ಒಂದು ವಿದ್ಯೆಯನ್ನು ಹೇಳಿಕೊಡುತ್ತೇನೆ. ಕಚೇರಿಗಳ ಮೇಜುಗಳ ಮೇಲಿರುವ ಕಂಪ್ಯೂಟರುಗಳಿಗೆ ಕಾರ್ಯಾಚರಣ ವ್ಯವಸ್ಥೆಯನ್ನು ಹಂಚುವುದು, ಹಂಚಿದ ಮೇಲೆ ಅದನ್ನು ಕಾಪಾಡಿಕೊಂಡು ಬರುವುದು—ಇದೇ ಆ ವಿದ್ಯೆ. ಇದರಲ್ಲಿ ಸಾಹಿತ್ಯಪ್ರಿಯರಿಗೆ ಆಸಕ್ತಿ ಹುಟ್ಟಿಸುವುದೇನಿದೆ ಎಂದು ಓದುಗರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಸ್ವಲ್ಪ ತಾಳ್ಮೆಯಿಟ್ಟು ಕೇಳಬೇಕೆಂದು ಪ್ರಾರ್ಥನೆ. ನಾನು ಹೇಳಹೊರಟಿರುವುದು ಯಂತ್ರದ ಕಥೆಯಾದರೂ ಅದರ ನಡುವೆ ಒಬ್ಬ ಹೆಂಗಸಿನ ಹಾಡುಗಳು ಸಿಕ್ಕಿಕೊಂಡಿವೆ.

ಮನೆಯ ಒಂದು ಕಂಪ್ಯೂಟರಿಗೆ ವಿಂಡೋಸ್ ಹಾಕುವುದು ಯಾರಿಗೂ ಆಗುವ ಕೆಲಸ. ಯಂತ್ರ ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಡುತ್ತ ಒಂದೆರಡು ಗಂಟೆ ಕುಳಿತರೆ ಆಯಿತು. ಒಂದು ಸಾವಿರ ಕಂಪ್ಯೂಟರುಗಳ ಮುಂದೆ ಹಾಗೆ ಕೂರುವುದು ಹೇಗೆ? ಅದಕ್ಕಾಗಿ ಬಲ್ಲವರು ಅಚ್ಚಿನ ಉಪಾಯವನ್ನೇ ಹಿಡಿದರು. ಮೊದಲು ಒಂದು ಮಾದರಿ ಯಂತ್ರವನ್ನು ಸಿದ್ಧಪಡಿಸುತ್ತಾರೆ. ಬೇಕಾದ ತಂತ್ರಾಂಶಗಳನ್ನೆಲ್ಲ ಅದರಲ್ಲಿ ಅಣಿಗೊಳಿಸುತ್ತಾರೆ. ಬಳಿಕ ಸಿಸ್‌ಪ್ರೆಪ್ ಎಂಬ ಸಲಕರಣೆಯಿಂದ ಆ ಯಂತ್ರಕ್ಕೇ ವಿಶಿಷ್ಟವಾದ ಗುರುತುಗಳನ್ನು ಅಳಿಸಿಹಾಕುತ್ತಾರೆ. ಉಳಿದುದನ್ನು ಒಂದೇ ಕಡತವಾಗಿ ಸೆರೆಹಿಡಿಯುತ್ತಾರೆ. ಇದಕ್ಕೆ ಇಮೇಜ್ ಎಂದು ಹೆಸರು. ಖಾಲಿ ಯಂತ್ರವು ನೆಟ್‌ವರ್ಕಿನ ಮೂಲಕ ಎಚ್ಚೆತ್ತು, ಒಂದು ಪುಟ್ಟ ವಿಂಡೋಸನ್ನು ತನ್ನ ಸ್ಮೃತಿಗೆ ತುಂಬಿಕೊಂಡು, ಡಿಸ್ಕನ್ನು ಹಸನುಮಾಡಿ, ಆ ಇಮೇಜನ್ನು ತನ್ನ ಮೇಲೆ ಎರೆದುಕೊಳ್ಳುತ್ತದೆ. ಭಾಷೆ ಯಾವುದು, ಕಾಲಮಾನ ಯಾವುದು ಮುಂತಾದ ಪ್ರಶ್ನೆಗಳಿಗೆ ಉತ್ತರಗಳನ್ನು ಮೊದಲೇ ಒಂದು ಕಡತದಲ್ಲಿ ಬರೆದಿಟ್ಟಿರುತ್ತಾರೆ. ಸಂಜೆ ಬೀಗ ಹಾಕಿಕೊಂಡು ಹೋದ ಕಚೇರಿಯಲ್ಲಿ ಬೆಳಗಾಗುವಷ್ಟರಲ್ಲಿ ಸಾಲು ಸಾಲು ಯಂತ್ರಗಳು ಹೊಸ ಜನ್ಮವೆತ್ತಿ ನಿಂತಿರುತ್ತವೆ. ಮೊದಲ ಸಲ ಇದನ್ನು ಕಂಡಾಗ ನನಗೆ ಆದ ಹಿಗ್ಗು ಅಷ್ಟಿಷ್ಟಲ್ಲ.

ಹಿಗ್ಗಿನ ಜೊತೆಗೆ ಸೊಕ್ಕೂ ಬಂದಿತೆಂದು ಈಗ ಒಪ್ಪಿಕೊಳ್ಳುತ್ತೇನೆ. ತರಬೇತಿ ಮುಗಿಸಿದ್ದೆ, ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಗಳಿಸಿದ್ದೆ. 2001ರಲ್ಲಿ ಹೊರಬಂದ ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರ ನಂತರ ರಕ್ಷಣೆಯ ತಿದ್ದುಪಡಿಗಳು ದೊರೆಯುವುದಿಲ್ಲವೆಂದು ಮೈಕ್ರೋಸಾಫ್ಟ್ ಸಾರಿದ್ದಿತು. ಎಲ್ಲೆಡೆಯೂ ಅವಸರ. ಆ ವರ್ಷದ ಸಂಕ್ರಾಂತಿ ಕಳೆದ ಮೇಲೆ ಒಂದು ಕಚೇರಿಯ ನೂರ ನಲವತ್ತು ಯಂತ್ರಗಳನ್ನು ಎಕ್ಸ್‌ಪಿಯಿಂದ ವಿಂಡೋಸ್ 7ಕ್ಕೆ ಒಯ್ಯುವ ಹೊಣೆ ನನ್ನ ಪಾಲಿಗೆ ಬಂದಿತು. ಹಳೆಯದರ ಮೇಲೆಯೇ ಹೊಸದನ್ನು ಏರಿಸಲು ಆಗ ದಾರಿಯಿರಲಿಲ್ಲ. ಕಡತಗಳನ್ನು ಹೊರಗೆ ತೆಗೆದಿಟ್ಟು, ಡಿಸ್ಕನ್ನು ಬರಿದುಮಾಡಿ, ಇಮೇಜ್ ಎರೆದು, ಕಡತಗಳನ್ನು ಮರಳಿ ಸೇರಿಸಬೇಕಾಗಿತ್ತು. ಏನನ್ನು ತೆಗೆದಿಡಬೇಕು, ಏನನ್ನು ಬಿಡಬೇಕು ಎಂಬ ನಿಯಮಗಳನ್ನು ಬರೆದವನು ನಾನು. ಮಾದರಿ ಯಂತ್ರವನ್ನು ಸಿದ್ಧಪಡಿಸಿದವನೂ ನಾನೇ. ಎರಡಕ್ಕೂ ಕುಳಿತದ್ದು ನನ್ನ ಕೊಠಡಿಯಲ್ಲಿ. ಆ ನೂರ ನಲವತ್ತು ಮೇಜುಗಳ ಪೈಕಿ ಒಂದರ ಬಳಿಗೂ ನಾನು ಹೋಗಿರಲಿಲ್ಲ.

ಶನಿವಾರ ಭಾನುವಾರಗಳಲ್ಲಿ ಕೆಲಸ ಮುಗಿಯಿತು. ಸೋಮವಾರ ಬೆಳಿಗ್ಗೆ ಬೆರಳಚ್ಚಿನ ವಿಭಾಗದಿಂದ ಕರೆ ಬಂದಿತು. ಹೋಗಿ ನೋಡಿದೆ. ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬ ಹೆಂಗಸು, ಹಣೆಯ ತುಂಬ ಕುಂಕುಮ, ಪರದೆಯನ್ನೇ ದಿಟ್ಟಿಸುತ್ತ ಕುಳಿತಿದ್ದರು. ಅವರ ಕಡತಗಳೆಲ್ಲ ಇದ್ದವು. ತೆರೆದರೆ ಮಾತ್ರ ಕನ್ನಡದ ಬದಲು ರೋಮನ್ ಅಕ್ಷರಗಳ ಗೊಂದಲ; ತಲೆಯ ಮೇಲೆ ಗೀಟು ಹೊತ್ತ ಅಕ್ಷರಗಳು, ನಡುನಡುವೆ ಇಂಗ್ಲೆಂಡಿನ ಪೌಂಡಿನ ಗುರುತು. ಎರಡು ತೆರೆದೆ, ಮೂರು ತೆರೆದೆ, ಎಲ್ಲವೂ ಹಾಗೆಯೇ. ಸಾಗಿಸುವಾಗ ಕಡತಗಳು ಕೆಟ್ಟುಹೋಗಿವೆಯೆಂದು ನಾನು ತೀರ್ಪಿತ್ತೆ. “ಕಚೇರಿಯ ಪತ್ರಗಳ ಅಚ್ಚಾದ ಪ್ರತಿಗಳು ಇರುತ್ತವಲ್ಲ ಮೇಡಂ, ಅದರಿಂದ ಮತ್ತೆ ಟೈಪ್ ಮಾಡಿಕೊಳ್ಳಿ” ಎಂದೆ. ಸರ್ವರಿನಲ್ಲಿ ಜಾಗ ಸಾಲದಾಗಿತ್ತು. ಕೆಟ್ಟ ಕಡತಗಳನ್ನು ಇಟ್ಟುಕೊಂಡು ಪ್ರಯೋಜನವೇನು? ಅವರ ಯಂತ್ರದಿಂದಲೂ, ತೆಗೆದಿಟ್ಟ ಪ್ರತಿಯಿಂದಲೂ ನಾನೇ ಅಳಿಸಿದೆ.

ಎರಡು ದಿನ ಕಳೆದ ಮೇಲೆ ಪಕ್ಕದ ವಿಭಾಗದ ಗುಮಾಸ್ತರೊಬ್ಬರು ಬಂದು, “ಸಾರ್, ಹೊಸ ಕಂಪ್ಯೂಟರಿನಲ್ಲಿ ನುಡಿ ಹಾಕಿಲ್ಲವಲ್ಲ” ಎಂದರು. ಆ ಕ್ಷಣ ನನ್ನ ಕಾಲಡಿಯ ನೆಲ ಕುಸಿದಂತಾಯಿತು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದಲ್ಲಿ ನಮ್ಮ ಕಚೇರಿಗಳ ಎಷ್ಟೋ ವರ್ಷಗಳ ಬರವಣಿಗೆ ಸಾಗಿದೆ. ಅದರ ಹಳೆಯ ಫಾಂಟುಗಳಲ್ಲಿ ಬರೆದದ್ದನ್ನು ಯಂತ್ರ ಕನ್ನಡವೆಂದು ಅರಿಯದು. ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ ಏರ್ಪಾಡು ಅದು. ಫಾಂಟು ಇದ್ದರೆ ‘ಕನ್ನಡ’ ಎಂದು ಕಾಣುವ ಪದ, ಫಾಂಟು ಇಲ್ಲದೆಡೆ ನಕಾರದ ಜಾಗದಲ್ಲಿ ಪೌಂಡಿನ ಗುರುತನ್ನಿಟ್ಟುಕೊಂಡು ಪರದೇಶಿಯಂತೆ ನಿಲ್ಲುತ್ತದೆ. ಕಡತಗಳು ಕೆಟ್ಟಿರಲಿಲ್ಲ. ನನ್ನ ಅಚ್ಚಿನಲ್ಲಿ ಒಂದು ಚಕ್ಕೆ ಎದ್ದುಹೋಗಿತ್ತು; ನೂರ ನಲವತ್ತು ಯಂತ್ರಗಳಿಗೂ ಕೊಕ್ಕಿನ ಮೇಲೊಂದು ಗಂಟು ಮೂಡಿತ್ತು. ಎಕ್ಸ್‌ಪಿಯಲ್ಲಿ ಬಂದ ತುಂಗಾ ಎಂಬ ಯುನಿಕೋಡ್ ಫಾಂಟು ವಿಂಡೋಸ್ 7ರಲ್ಲಿಯೂ ಇದ್ದುದರಿಂದ, ಕನ್ನಡದ ವ್ಯವಸ್ಥೆ ಆಗಿಯೇ ಇದೆಯೆಂದು ನಾನು ನಂಬಿಕೊಂಡಿದ್ದೆ. ಜನ ಬರೆಯುತ್ತಿದ್ದುದು ಯಾವುದರಲ್ಲಿ ಎಂದು ಕೇಳಿರಲಿಲ್ಲ.

ಒಂದು ತಾಸಿನಲ್ಲಿ ಎಲ್ಲ ಯಂತ್ರಗಳಿಗೂ ನುಡಿ ಹೋಯಿತು. ಎಲ್ಲರ ಕಡತಗಳೂ ಬೆಳಗಿದುವು, ಒಬ್ಬರವು ಹೊರತು. ನಾನು ಅಳಿಸಿದ ಡಿಸ್ಕಿನ ಮೇಲೆ ಆಗಲೇ ಬೇರೆ ಕಡತಗಳು ಕುಳಿತಿದ್ದುವು. ಕಚೇರಿಯ ಪತ್ರಗಳಿಗೆ ಕಾಗದದ ಪ್ರತಿಯಿದ್ದಿತು. ಆದರೆ ಅವುಗಳ ನಡುವೆ ಒಂದು ಕಡತ ಕಚೇರಿಯದಾಗಿರಲಿಲ್ಲ. ಆ ತಾಯಿ ಊಟದ ವಿರಾಮದ ವೇಳೆಯಲ್ಲಿ, ತಮ್ಮ ಅವ್ವ ಬೀಸುವಾಗ ಹಾಡುತ್ತಿದ್ದ ಹಾಡುಗಳನ್ನು ನೆನಪಾದಾಗ ನೆನಪಾದಷ್ಟು ಟೈಪ್ ಮಾಡಿಡುತ್ತಿದ್ದರಂತೆ, ಏಳೆಂಟು ವರ್ಷಗಳಿಂದ. ಅವ್ವ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ನಾನು ಕ್ಷಮೆ ಕೇಳಲು ಹೋದಾಗ ಅವರು ಗದರಲಿಲ್ಲ. “ನಿಮಗೆ ಓದೋಕೆ ಬರಲಿಲ್ಲ ಅಂತ ಅದು ಕೆಟ್ಟುಹೋಗಿದೆ ಅಂದುಬಿಟ್ರಲ್ಲಪ್ಪಾ” ಎಂದಷ್ಟೇ ಹೇಳಿ, ಕಾಗದದ ಕಟ್ಟಿಗೆ ಕೈಹಾಕಿದರು. ಅಧಿಕಾರಿಗಳಿಗೆ ನಾನು ಸಲ್ಲಿಸಿದ ವರದಿಯಲ್ಲಿ ನೂರ ನಲವತ್ತಕ್ಕೆ ನೂರ ನಲವತ್ತೂ ಸಫಲವೆಂದೇ ಬರೆದಿತ್ತು. ಲೆಕ್ಕದ ಪ್ರಕಾರ ಅದು ಸುಳ್ಳೂ ಅಲ್ಲ.

ಮುಂದೆ ನಾನು ಕಲಿಸುವವನಾದಾಗ ಈ ಸಂಗತಿ ನನ್ನ ಬೆನ್ನಿಗೇ ಬಂದಿತು. ವಿದ್ಯಾರ್ಥಿಗಳಿಗೆ ನಾನು ಹೇಳುವ ಮೊದಲ ಮಾತು: ಅಚ್ಚನ್ನು ನಂಬಬೇಡಿ, ಮೊದಲು ಒಂದನ್ನು ಎರೆದು ನೋಡಿ. ವೃತ್ತಿಯಲ್ಲಿ ಇದಕ್ಕೊಂದು ಶಾಸ್ತ್ರವೇ ಇದೆ. ಯಾವ ಬದಲಾವಣೆಯಾಗಲಿ, ಮೊದಲು ನಮ್ಮ ವಿಭಾಗದ ನಾಲ್ಕಾರು ಯಂತ್ರಗಳಿಗೆ, ಅಲ್ಲಿ ಕೆಡುಕಾಗದಿದ್ದರೆ ಬೇರೆ ಬೇರೆ ಕೆಲಸದ ಒಂದಿಷ್ಟು ಮಂದಿಗೆ, ಆಮೇಲೆ ಉಳಿದವರಿಗೆ. ಕೊಳಕ್ಕೆ ಕಲ್ಲೆಸೆದಾಗ ಅಲೆ ಹರಡುವಂತೆ ಸುತ್ತಿನ ಮೇಲೆ ಸುತ್ತು.

ಹಾಗಾದರೆ ನಿಧಾನವೇ ಪ್ರಧಾನವೋ ಎಂದರೆ ಅದೂ ಅಲ್ಲ. 2003ರಿಂದ ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೆಯ ಮಂಗಳವಾರ ತಿದ್ದುಪಡಿಗಳನ್ನು ಹೊರಡಿಸುತ್ತ ಬಂದಿದೆ. 2017ರ ಮಾರ್ಚಿಯಲ್ಲಿ ಅಂತಹುದೊಂದು ತಿದ್ದುಪಡಿ ಬಂದಿತು. ಅದನ್ನು ಹಾಕಿಕೊಳ್ಳದೆ ಕುಳಿತಿದ್ದ ಯಂತ್ರಗಳನ್ನು ಹುಡುಕಿಕೊಂಡು ಮೇ 12ರಂದು ವಾನಾಕ್ರೈ ಎಂಬ ಪಿಡುಗು ಲೋಕವನ್ನು ಸುತ್ತಿತು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಹತ್ತೊಂಬತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ಭೇಟಿಗಳು ರದ್ದಾಗಿರಬಹುದೆಂದು ಅಲ್ಲಿನ ಲೆಕ್ಕಪರಿಶೋಧನಾ ಕಚೇರಿ ಅಂದಾಜು ಮಾಡಿತು. ಮದ್ದು ಕೈಗೆ ಬಂದು ಎರಡು ತಿಂಗಳಾಗಿತ್ತು, ಕುಡಿಸಿರಲಿಲ್ಲ, ಅಷ್ಟೆ.

ಅದಕ್ಕೆ ವಿರುದ್ಧವಾದ ಪಾಠ 2024ರ ಜುಲೈ 19ರಂದು ದೊರೆಯಿತು. ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ಸಂಸ್ಥೆ ಕಳುಹಿಸಿದ ಒಂದು ದೋಷಪೂರಿತ ಕಡತ, ನಮ್ಮ ಗಡಿಯಾರದ ಪ್ರಕಾರ ಬೆಳಗಿನ ಒಂಬತ್ತೂಮುಕ್ಕಾಲರ ಸುಮಾರಿಗೆ, ಲೋಕದ ವಿಂಡೋಸ್ ಯಂತ್ರಗಳನ್ನು ಏಕಕಾಲಕ್ಕೆ ಮುಟ್ಟಿತು. ಆ ಬಗೆಯ ಕಡತಕ್ಕೆ ಸುತ್ತುಸುತ್ತಾಗಿ ಹರಿಯಬಿಡುವ ಪದ್ಧತಿ ಇರಲಿಲ್ಲ. 78 ನಿಮಿಷಗಳಲ್ಲಿ ಹಿಂತೆಗೆದುಕೊಂಡರೂ ಸುಮಾರು 85 ಲಕ್ಷ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತುಬಿಟ್ಟವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಚೀಟಿಗಳನ್ನು ಕೊಟ್ಟು ಕಳುಹಿಸಿದುದನ್ನು ಓದುಗರು ಪತ್ರಿಕೆಗಳಲ್ಲಿ ಕಂಡಿರಬಹುದು. ದೂರದಿಂದ ಎರೆಯಬಲ್ಲವರಿಗೆ ದೂರದಿಂದ ಸರಿಪಡಿಸಲಾಗಲಿಲ್ಲ. ಎಷ್ಟೋ ಕಡೆ ಒಂದೊಂದು ಯಂತ್ರದ ಮುಂದೆಯೂ ಒಬ್ಬ ಮನುಷ್ಯ ಹೋಗಿ ಕುಳಿತು, ಡಿಸ್ಕಿಗೆ ಬೀಗವಿದ್ದರೆ ನಲವತ್ತೆಂಟು ಅಂಕಿಗಳ ಕೀಲಿಯನ್ನು ಒತ್ತಿ, ಆ ಒಂದು ಕಡತವನ್ನು ಕೈಯಾರೆ ಅಳಿಸಬೇಕಾಯಿತು. ತಡಮಾಡಿದರೆ ಒಂದು ಅಪಾಯ, ದುಡುಕಿದರೆ ಇನ್ನೊಂದು. ಇವೆರಡರ ನಡುವಣ ಹದವನ್ನು ಅರಿಯುವುದೇ ಈ ವಿದ್ಯೆಯ ತಿರುಳು. ಪಾಕದ ಹದದಂತೆ ಅದನ್ನು ಹೇಳಿ ಮುಗಿಸಲಾಗದು. ಒಲೆಯ ಮುಂದೆ ನಿಂತು ಕಲಿಯಬೇಕು.

ಈಗ ಅಚ್ಚಿನ ಕಾಲವೂ ಹಿಂದಾಗುತ್ತಿದೆ. 2017ರಲ್ಲಿ ಬಂದ ಆಟೋಪೈಲಟ್ ಎಂಬ ಏರ್ಪಾಡಿನಲ್ಲಿ ಇಮೇಜ್ ಎರೆಯುವುದೇ ಇಲ್ಲ. ಕಾರ್ಖಾನೆಯಿಂದ ಬಂದ ಯಂತ್ರ ನೇರವಾಗಿ ನೌಕರನ ಮನೆಗೆ ಹೋಗುತ್ತದೆ. ಆತ ತೆರೆದು ಹೆಸರು ಹೇಳಿದೊಡನೆ ಅದು ತನ್ನ ಒಡೆಯರು ಯಾರೆಂದು ಅಂತರಜಾಲದಲ್ಲಿ ವಿಚಾರಿಸಿಕೊಂಡು, ನಿಯಮಗಳನ್ನೂ ತಂತ್ರಾಂಶಗಳನ್ನೂ ತಾನೇ ತರಿಸಿಕೊಳ್ಳುತ್ತದೆ. ನಿರ್ವಾಹಕ ಆ ಯಂತ್ರವನ್ನು ಕಣ್ಣಿನಿಂದ ನೋಡಬೇಕಾಗಿಯೇ ಇಲ್ಲ. ನಮ್ಮ ಪರೀಕ್ಷೆಗಳ ಹೆಸರೂ ಬದಲಾಗಿದೆ. ಮೈಕ್ರೋಸಾಫ್ಟ್ ನೀಡುತ್ತಿದ್ದ ಪ್ರಮಾಣಪತ್ರದಲ್ಲಿ ‘ಡೆಸ್ಕ್‌ಟಾಪ್’ ಎಂದಿದ್ದ ಕಡೆ 2023ರಲ್ಲಿ ‘ಎಂಡ್‌ಪಾಯಿಂಟ್’ ಎಂದಾಯಿತು. ಡೆಸ್ಕ್ ಎಂದಾಗ ಒಂದು ಮೇಜಾದರೂ ಕಣ್ಣಿಗೆ ಕಟ್ಟುತ್ತಿತ್ತು. ಮೇಜು ಇದ್ದಲ್ಲಿ ಒಂದು ಕುರ್ಚಿ, ಕುರ್ಚಿಯಲ್ಲಿ ಒಬ್ಬರು. ಈಗ ಉಳಿದಿರುವುದು ಜಾಲದ ತುದಿಯ ಒಂದು ಬಿಂದು. ಫೋನು, ಲ್ಯಾಪ್‌ಟಾಪು ಎಲ್ಲವನ್ನೂ ಒಳಗೊಳ್ಳಬೇಕಾದುದರಿಂದ ಆ ಹೆಸರು ಸರಿಯೇ. ಆದರೂ ಅದನ್ನು ಕರಿಹಲಗೆಯ ಮೇಲೆ ಬರೆಯುವಾಗ ನನಗೆ ಆ ಕುಂಕುಮದ ಹಣೆ ನೆನಪಾಗುತ್ತದೆ.

ಆದುದರಿಂದ ನನ್ನ ತರಗತಿಯಲ್ಲಿ ಪಠ್ಯಕ್ರಮದಲ್ಲಿಲ್ಲದ ಒಂದು ಅಭ್ಯಾಸವನ್ನು ಸೇರಿಸಿದ್ದೇನೆ. ಇಮೇಜನ್ನೋ ನಿಯಮಗಳನ್ನೋ ಮುಟ್ಟುವ ಮುನ್ನ ಪ್ರತಿಯೊಬ್ಬನೂ ಪ್ರತಿಯೊಬ್ಬಳೂ ಗುರುತಿನವರ ಯಾವುದಾದರೊಂದು ಕಚೇರಿಗೆ ಅನುಮತಿ ಪಡೆದು ಹೋಗಬೇಕು. ಕಂಪ್ಯೂಟರಿನ ಮುಂದೆ ಕೆಲಸ ಮಾಡುವ ಒಬ್ಬರ ಪಕ್ಕದಲ್ಲಿ ಒಂದು ಗಂಟೆ ಸುಮ್ಮನೆ ಕುಳಿತು, ಅವರು ಏನೇನು ಬಳಸುತ್ತಾರೆಂದು ಬರೆದುಕೊಂಡು ಬರಬೇಕು. ಮೊದಮೊದಲು ಗೊಣಗುತ್ತಾರೆ. “ಪರೀಕ್ಷೆಗೆ ಇದು ಬರುತ್ತದೆಯೇ ಸಾರ್?” ಎಂದು ಕೇಳುವವರೂ ಉಂಟು. ಬರುವುದಿಲ್ಲವೆಂದೇ ಹೇಳುತ್ತೇನೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಕೊನೆಗೊಳ್ಳಲಿದ್ದ ದಿನಗಳಲ್ಲಿ ಮತ್ತೆ ಅದೇ ಅವಸರ, ಅದೇ ಓಡಾಟ. ಆ ತಂಡದಲ್ಲಿ ಹಾಸನದ ಕಡೆಯ ಒಬ್ಬ ಹುಡುಗಿಯಿದ್ದಳು, ಮಾತು ಕಡಿಮೆ. ಒಂದು ಗಂಟೆಗೆಂದು ಹೋದವಳು ಮಧ್ಯಾಹ್ನವೆಲ್ಲ ಕಳೆದು ಬಂದಳು. ಅವಳ ಪಟ್ಟಿಯಲ್ಲಿ ಮುದ್ರಕದ ಹೆಸರು, ಲೆಕ್ಕದ ತಂತ್ರಾಂಶ, ಹಳೆಯ ನುಡಿ ಫಾಂಟು ಎಲ್ಲವೂ ಕ್ರಮವಾಗಿದ್ದುವು. ಕಡೆಯಲ್ಲಿ ಬೇರೆಯಾಗಿ ಒಂದು ಸಾಲು: ‘ಡಿ ಡ್ರೈವಿನಲ್ಲಿ ಒಂದು ಕಡತ, ಹೆಸರು ಅಪ್ಪ. ಏನೆಂದು ನಾನು ಕೇಳಲಿಲ್ಲ.’

“ಇದನ್ನು ಯಾವ ವರ್ಗಕ್ಕೆ ಹಾಕಲಿ ಸಾರ್? ಕಚೇರಿಯದಲ್ಲ, ತಂತ್ರಾಂಶವೂ ಅಲ್ಲ” ಎಂದಳು.

ನಾನು ಪಟ್ಟಿಯನ್ನು ತೆಗೆದುಕೊಂಡು, ಆ ಸಾಲನ್ನು ಎಲ್ಲಕ್ಕಿಂತ ಮೇಲೆ ಬರೆದು ಅವಳ ಕೈಗೆ ಹಿಂದಿರುಗಿಸಿದೆ.